ಮೂರು ತುಂಬುವ ಮುನ್ನ ಚಕ್ರವರ್ತಿ

ಬೈಜಾಂಟಿಯನ್ ಸಾಮ್ರಾಜ್ಯದಲ್ಲಿ ತಂದೆಯ ನಂತರ ಮಗನಿಗೇ ಪಟ್ಟವೆಂಬ ಕಾನೂನು ಇರಲಿಲ್ಲ. ಸೇನೆ, ಸೆನೆಟ್ ಮತ್ತು ರಾಜಧಾನಿಯ ಜನ ಜಯಕಾರ ಹಾಕಿದವನೇ ಚಕ್ರವರ್ತಿ. ಹಾಗಾಗಿ ಅರಸರು ತಾವು ಬದುಕಿರುವಾಗಲೇ ಮಗನಿಗೂ ಕಿರೀಟ ತೊಡಿಸಿ ಸಹಚಕ್ರವರ್ತಿ ಮಾಡತೊಡಗಿದರು. 613ರಲ್ಲಿ ಹೆರಾಕ್ಲಿಯಸ್ ಪಟ್ಟ ಕಟ್ಟಿದ ಮಗನಿಗೆ ವರ್ಷವೂ ತುಂಬಿರಲಿಲ್ಲ.

ಈ ಪದ್ಧತಿಯ ಸಿಹಿಕಹಿ ಎರಡನ್ನೂ ಉಂಡವನು ಏಳನೇ ಕಾನ್‌ಸ್ಟಂಟೈನ್. ಅವನ ತಂದೆ ಆರನೇ ಲಿಯೋಗೆ ಮೂರು ಮದುವೆಯಾದರೂ ಗಂಡುಮಗು ಉಳಿದಿರಲಿಲ್ಲ. ಮೂರನೇ ಮದುವೆಯನ್ನೇ ತಪ್ಪೆಂದು ಕಾನೂನು ಮಾಡಿದ್ದ ಅವನೇ, 905ರಲ್ಲಿ ಉಪಪತ್ನಿ ಜೋಯಿ ಗಂಡು ಹೆತ್ತ ಮೇಲೆ ಅವಳನ್ನು ನಾಲ್ಕನೆಯ ಹೆಂಡತಿಯಾಗಿ ಕೈಹಿಡಿದ. ಕೆರಳಿದ ಧರ್ಮಗುರು ನಿಕೋಲಸ್ ಅವನನ್ನು ಹಾಗಿಯಾ ಸೋಫಿಯಾದ ಬಾಗಿಲಲ್ಲೇ ತಡೆದ. ಹುಟ್ಟಿನ ಕುರಿತೇ ತಕರಾರಿದ್ದ ಈ ಮಗುವಿಗೆ 908ರ ಮೇ ತಿಂಗಳಲ್ಲಿ ಪಟ್ಟವಾಯಿತು. ಚಿನ್ನದ ನಾಣ್ಯದಲ್ಲಿ ತಂದೆ, ಮಗ ಒಂದೇ ಶಿಲುಬೆ ಹಿಡಿದು ನಿಂತರು.

912ರಲ್ಲಿ ಲಿಯೋ ತೀರಿಕೊಂಡ. ಚಿಕ್ಕಪ್ಪ ಅಲೆಕ್ಸಾಂಡರ್ ಜೋಯಿಯನ್ನು ಅರಮನೆಯಿಂದ ಹೊರಗಟ್ಟಿದ. ಅಂಗವಿಕಲರಿಗೆ ಸಿಂಹಾಸನವಿಲ್ಲವಾದ್ದರಿಂದ ಹುಡುಗನ ಬೀಜ ಒಡೆಸಲೂ ಯೋಚಿಸಿದ್ದನೆಂದು ಅಂದಿನ ಚರಿತ್ರಕಾರರು ಬರೆದಿದ್ದಾರೆ. ಮರುವರ್ಷವೇ ಅವನೂ ಸತ್ತ. ಆಡಳಿತ ಮೊದಲು ನಿಕೋಲಸ್‌ ಕೈಗೆ, ಬಳಿಕ ಜೋಯಿಯ ಕೈಗೆ ಬಂತು. 917ರಲ್ಲಿ ಬಲ್ಗೇರಿಯನ್ನರೆದುರು ಸೇನೆ ಮಣ್ಣುಮುಕ್ಕಿದಾಗ ಅವಳ ಬಲವೂ ಕುಗ್ಗಿತು.

919ರಲ್ಲಿ ನೌಕಾಧಿಪತಿ ರೊಮಾನೋಸ್ ಲೆಕಪೆನೋಸ್ ಮಗಳು ಹೆಲೆನಾಳನ್ನು ಹುಡುಗನಿಗೆ ಕೊಟ್ಟು ಮಾವನಾದ. ಮರುವರ್ಷ ತಾನೇ ಸಹಚಕ್ರವರ್ತಿಯಾದ. ಬರುಬರುತ್ತಾ ಮಾವ ಮೊದಲನೆಯವನಾದ, ಮಾವನ ಮಗ ಕ್ರಿಸ್ಟೋಫರ್ ಎರಡನೆಯವನಾದ. ಹಲವು ನಾಣ್ಯಗಳಲ್ಲಿ ಇವರಿಬ್ಬರ ಮುಖ ಮಾತ್ರ. ಆದರೂ ರೊಮಾನೋಸ್ ಅಳಿಯನನ್ನು ಮುಗಿಸಲಿಲ್ಲ. ಹಳೆಯ ವಂಶದ ಹುಡುಗ ಪಕ್ಕದಲ್ಲಿದ್ದರೇ ಹೊಸಬನ ಆಳ್ವಿಕೆಗೆ ಬೆಲೆ. ಅಧಿಕಾರವಿಲ್ಲದ ಆ ಕಾಲು ಶತಮಾನ ಕಾನ್‌ಸ್ಟಂಟೈನ್ ಓದು, ಬರಹದಲ್ಲಿ ಮುಳುಗಿದ.

944ರ ಡಿಸೆಂಬರಿನಲ್ಲಿ ರೊಮಾನೋಸ್‌ನನ್ನು ಅವನ ಮಕ್ಕಳೇ ಇಳಿಸಿದರು. ಅಳಿಯನಿಗೂ ಕೇಡಾಯಿತೆಂಬ ಸುದ್ದಿ ಹಬ್ಬಿ ಜನ ಅರಮನೆಯನ್ನು ಮುತ್ತಿದರು. ಕೆದರಿದ ಕೂದಲಿನ ಕಾನ್‌ಸ್ಟಂಟೈನ್ ಜಾಲಿ ಕಿಟಕಿಯಿಂದ ತಲೆ ಹೊರಹಾಕಿದ ಮೇಲೆಯೇ ಗದ್ದಲ ಅಡಗಿತೆಂದು ಇಟಲಿಯ ಲಿಯುಟ್‌ಪ್ರಾಂಡ್ ಬರೆದಿದ್ದಾನೆ. 945ರ ಜನವರಿಯಲ್ಲಿ ಆ ಮಕ್ಕಳೂ ಗಡೀಪಾರಾದರು. ಕಾನ್‌ಸ್ಟಂಟೈನ್ ನಿಜಕ್ಕೂ ಆಳತೊಡಗಿದ್ದು 39ರ ವಯಸ್ಸಿನಲ್ಲಿ.

ಇಷ್ಟು ಅನುಭವಿಸಿದವನು ಪದ್ಧತಿಯನ್ನು ಕೈಬಿಡಲಿಲ್ಲ. ಮಗ ರೊಮಾನೋಸ್‌ಗೂ ಎಳೆಯ ವಯಸ್ಸಿನಲ್ಲೇ ಕಿರೀಟ ತೊಡಿಸಿದ. ಮೊಮ್ಮಗ ಬಾಸಿಲ್‌ಗೆ ಪಟ್ಟವಾದದ್ದು 960ರಲ್ಲಿ. ಅವನನ್ನೂ ಪಕ್ಕಕ್ಕಿಟ್ಟು ಇಬ್ಬರು ಸೇನಾನಿಗಳು ಆಳಿದರು. 976ರಲ್ಲಿ ಅವನ ಸರದಿ ಬಂದಾಗ ಅರ್ಧ ಶತಮಾನ ಸಿಂಹಾಸನ ಬಿಡಲಿಲ್ಲ. ಮಗುವಿನ ಕಿರೀಟದಿಂದ ರಾಜ್ಯಭಾರ ಸಿಗುತ್ತಿರಲಿಲ್ಲ, ಕಾಯುವ ಹಕ್ಕು ಸಿಗುತ್ತಿತ್ತು.