ಕೃಶರಿಗಿಲ್ಲದ ದಾಕ್ಷಿಣ್ಯ

ಹೋದ ವೈಶಾಖದಲ್ಲಿ ನಮ್ಮ ಭಾವಮೈದುನನ ಮಗನ ಮದುವೆ ನಡೆಯಿತು. ಭೋಜನದ ಎರಡನೆಯ ಪಂಕ್ತಿಯಲ್ಲಿ ನಮಗೆ ಎದುರಾಗಿ ವರನ ಅಕ್ಕಂದಿರಿಬ್ಬರು ಕುಳಿತಿದ್ದರು. ಹಿರಿಯವಳದು ಸ್ಥೂಲಕಾಯ. ಕಿರಿಯವಳು ಮೊದಲಿನಿಂದಲೂ ತೆಳ್ಳನೆಯವಳು. ಈ ಎರಡು ವರ್ಷಗಳಲ್ಲಿ ಇನ್ನಷ್ಟು ಇಳಿದಿದ್ದಾಳೆ. ಇಬ್ಬರೂ ಓದಿದವರು, ಗಂಡನ ಮನೆಯಲ್ಲಿ ಸುಖವಾಗಿರುವವರು. ಬಂಧುವರ್ಗದಲ್ಲಿ ಹಿರಿಯರಾದ ಒಬ್ಬ ಮುತ್ತೈದೆಯವರು ತುಪ್ಪದ ಮಿಳ್ಳೆಯನ್ನು ಹಿಡಿದು ಪಂಕ್ತಿಯನ್ನು ವಿಚಾರಿಸುತ್ತ ಬಂದರು. ಹಿರಿಯವಳ ಎಲೆಯ ಮುಂದೆ ನಿಂತು, “ಚೆನ್ನಾಗಿದೀಯೇನಮ್ಮ? ಮಕ್ಕಳು ಹೇಗಿದಾರೆ?” ಎಂದು ಕೇಳಿ ಮುಂದಕ್ಕೆ ಸರಿದರು. ಕಿರಿಯವಳ ಮುಂದೆ ಬಂದೊಡನೆ ಅವರ ಧ್ವನಿಯೇ ಬೇರೆಯಾಯಿತು. “ಏನೇ ಇದು ಅವತಾರ! ಒಣಗಿದ ಕಡ್ಡಿ ಆಗ್ಬಿಟ್ಟಿದೀಯಲ್ಲೇ! ನಿಮ್ಮತ್ತೆ ಹೊಟ್ಟೆಗೆ ಹಾಕ್ತಾರೋ ಇಲ್ಲವೋ? ಗಾಳಿ ಬಂದರೆ ಹಾರಿಹೋಗ್ತೀಯ!”

ಪಂಕ್ತಿಯೆಲ್ಲ ನಕ್ಕಿತು. ಆ ಅತ್ತೆಯವರೂ ಅದೇ ಪಂಕ್ತಿಯ ಕೊನೆಯಲ್ಲಿದ್ದರು. ಹುಡುಗಿ ತಾನೂ ನಕ್ಕಳು. ಆಮೇಲೆ ಬಡಿಸಿದ ಹೋಳಿಗೆಯನ್ನು ಮಾತ್ರ ಅವಳು ಮುಟ್ಟಲಿಲ್ಲ.

ಊಟವಾದ ಮೇಲೆ ನಾವು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಅದೇ ಹಿರಿಯರು ಒಳಗಡೆ ನಾಲ್ಕು ಮಂದಿ ಹೆಂಗಸರ ನಡುವೆ ಹಿರಿಯವಳ ಮೈಯನ್ನು ಕುರಿತು ಮಾತನಾಡುತ್ತಿದ್ದುದು ಕಿವಿಗೆ ಬಿತ್ತು. ಕೈಗಳೆರಡನ್ನೂ ಅಗಲಿಸಿ ಅಳತೆಯನ್ನೂ ತೋರಿಸಿದರೆಂದು ನಮ್ಮ ಮನೆಯವರು ಬಳಿಕ ತಿಳಿಸಿದರು. ಕೊನೆಯಲ್ಲಿ ಅವರು ಸೇರಿಸಿದ ಮಾತು ಇದು: “ಎದುರಿಗೆ ಹೇಗೆ ಹೇಳೋದು? ಪಾಪ, ನೊಂದ್ಕೋತಾಳೆ.”

ಈ ಲೇಖನವನ್ನು ಬರೆಯಲು ಕಾರಣವಾದುದು ಆ ಕೊನೆಯ ಮಾತು. ಮೈಯ ಗಾತ್ರವನ್ನು ಎತ್ತಿ ಆಡಿದರೆ ಮನುಷ್ಯರಿಗೆ ನೋವಾಗುತ್ತದೆಂಬ ಜ್ಞಾನವು ಆ ತಾಯಿಗೆ ಚೆನ್ನಾಗಿ ಇತ್ತು. ಆ ನೋವು ದಪ್ಪನಾದವರಿಗೆ ಮಾತ್ರ ಆಗತಕ್ಕದ್ದೆಂದೂ ತೆಳ್ಳಗಿರುವವರ ಚರ್ಮಕ್ಕೆ ಅದು ತಾಗುವುದಿಲ್ಲವೆಂದೂ ಅವರು ನಂಬಿದ್ದರು. ಅವರೊಬ್ಬರೇ ಅಲ್ಲ, ನಮ್ಮಲ್ಲಿ ಬಹುಮಂದಿ ಮರ್ಯಾದಸ್ಥರು ಹೀಗೆಯೇ ನಂಬಿದ್ದಾರೆ. ಈಚೆಗೆ ಓದುಬರಹ ಬಲ್ಲ ಮನೆಗಳಲ್ಲಿ ಒಬ್ಬರನ್ನು ಎದುರಿಗೆ “ಡುಮ್ಮ”, “ಡುಮ್ಮಿ” ಎನ್ನುವುದು ಅಸಭ್ಯವೆಂಬ ತಿಳಿವಳಿಕೆ ಅಷ್ಟಿಷ್ಟು ಹಬ್ಬಿದೆ, ಒಳ್ಳೆಯದಾಯಿತು. ಆದರೆ ಕಡ್ಡಿ, ಬಡಕಲು, ನರಪೇತಲ, ಒಣಕಲು, ಸೊಳ್ಳೆ ಎಂಬ ಮಾತುಗಳು ಅದೇ ಮನೆಗಳಲ್ಲಿ ಅದೇ ಬಾಯಿಗಳಿಂದ ಯಾವ ಅಳುಕೂ ಇಲ್ಲದೆ ಹೊರಡುತ್ತವೆ. ಇವಕ್ಕೆ ಕುಶಲಪ್ರಶ್ನೆಯೆಂದು ಹೆಸರು.

ಕೈತೊಳೆಯುವಲ್ಲಿ ಹುಡುಗಿ ಸಿಕ್ಕಿದಾಗ ನಾವು ಸಮಾಧಾನಕ್ಕಾಗಿ ಏನೋ ಎಂದೆವು. ಅವಳು, “ಥೈರಾಯ್ಡ್ ಹೆಚ್ಚಾಗಿದೆ ಮಾವ. ಎರಡು ವರ್ಷದಿಂದ ಔಷಧಿ ತಗೋತಿದೀನಿ. ಕೇಳಿದೋರಿಗೆಲ್ಲ ಡಾಕ್ಟರ ಚೀಟಿ ತೋರಿಸ್ಕೊಂಡು ತಿರುಗಲೇ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಪಕ್ಷಪಾತವು ನಮ್ಮಲ್ಲಿ ಹೇಗೆ ಬೇರೂರಿತೆಂದು ಯೋಚಿಸಿದಾಗ ಮೊದಲು ನೆನಪಿಗೆ ಬರುವುದು ದೃಷ್ಟಿಯ ಭಯ. ಮೈತುಂಬಿಕೊಂಡ ಮಗುವನ್ನು ಎತ್ತಿಕೊಂಡು “ಎಷ್ಟು ದಪ್ಪಗಿದೆ!” ಎಂದು ಯಾರಾದರೂ ಅಂದರೆ ತಾಯಿಯ ಮುಖ ಸಪ್ಪಗಾಗುತ್ತದೆ, ಸಂಜೆಗೆ ಉಪ್ಪು ಮೆಣಸಿನಕಾಯಿಗಳನ್ನು ನಿವಾಳಿಸಿ ಒಲೆಗೆ ಹಾಕುತ್ತಾರೆ. ಆದುದರಿಂದ ಬಲ್ಲವರು ಅಂಥ ಮಗುವಿನ ಮುಂದೆ ನಾಲಗೆಯನ್ನು ಹಿಡಿದುಕೊಳ್ಳುತ್ತಾರೆ. ಬಡಕಲು ಮಗುವಿಗೆ ಈ ರಕ್ಷೆಯಿಲ್ಲ. ಅದಕ್ಕೆ ಯಾರ ದೃಷ್ಟಿಯೂ ತಗುಲುವಂತಿಲ್ಲ. ಆದಕಾರಣ ತೊಟ್ಟಿಲ ಸುತ್ತ ನಿಂತವರೆಲ್ಲರೂ, “ಪಾಪ, ತಾಯಿಗೆ ಹಾಲು ಸಾಲದೇನೋ” ಎಂದು ಬಾಣಂತಿಗೆ ಕೇಳುವಂತೆ ಹೇಳಬಹುದು. ಆ ರಾತ್ರಿ ಬಾಣಂತಿ ಅತ್ತದ್ದನ್ನು ನಿವಾಳಿಸಿ ತೆಗೆಯುವ ಶಾಸ್ತ್ರವು ನಮ್ಮ ಮನೆಗಳಲ್ಲಿ ಬೆಳೆದುಬಂದಿಲ್ಲ.

ಎರಡನೆಯದು ಚೌತಿಯ ಕಥೆ. ಕಡುಬು ತಿಂದು ಇಲಿಯ ಮೇಲಿನಿಂದ ಬಿದ್ದ ಗಣಪನ ಹೊಟ್ಟೆಯನ್ನು ಕಂಡು ಚಂದ್ರನು ನಕ್ಕು ಶಾಪಕ್ಕೆ ಗುರಿಯಾದುದನ್ನು ಎಲ್ಲ ಮಕ್ಕಳೂ ಬಲ್ಲರು. ಅಂದು ರಾತ್ರಿ ಹಿರಿಯರೂ ತಲೆಯೆತ್ತದೆ ನಡೆಯುತ್ತಾರೆ. ಬೇರೊಬ್ಬರ ಗಾತ್ರವನ್ನು ನೋಡಿ ನಗಬಾರದೆಂಬುದಕ್ಕೆ ಇದಕ್ಕಿಂತ ಸುಲಭವಾದ ಪಾಠವಿಲ್ಲ. ಆದರೆ ಅದು ದೊಡ್ಡ ಹೊಟ್ಟೆಯ ಪರವಾದ ಪಾಠ. ಕೃಶಕಾಯನನ್ನು ಹಾಸ್ಯಮಾಡಿದವನಿಗೆ ಶಾಪ ಕೊಡುವ ದೇವತೆಯು ನಮ್ಮ ಪುರಾಣಗಳಲ್ಲಿ ನಮ್ಮ ಕಣ್ಣಿಗಂತೂ ಬಿದ್ದಿಲ್ಲ!

ಸ್ಥೂಲರಿಗೆ ತೋರುವ ದಾಕ್ಷಿಣ್ಯವೂ ಎಲ್ಲರಿಗೂ ಸಮನಾಗಿದೆಯೆಂದು ವಾಚಕರು ಭಾವಿಸಬಾರದು. ಗಂಡಸಿನ ಹೊಟ್ಟೆಗೆ ಠೀವಿಯೆಂಬ ಹೆಸರುಂಟು; ಅವನು ಸಾಹುಕಾರನಾದರಂತೂ ಕೇಳಬೇಕಾದುದೇ ಇಲ್ಲ. ಹೆಣ್ಣು ನೋಡಲು ಬಂದವರಲ್ಲಿ ಅಂಥ ಠೀವಿಯುಳ್ಳವರೇ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಡುವ ಮುಂಚೆ, “ಹುಡುಗಿ ಸ್ವಲ್ಪ ದಪ್ಪ ಅಲ್ಲವೆ?” ಎಂದು ಕೇಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಿರಿಯರು ಕಿರಿಯರಿಗೆ ಹೇಳಬಹುದು, ಕಿರಿಯರು ಹಿರಿಯರಿಗೆ ಹೇಳಕೂಡದು. ಯಜಮಾನನು ಆಳಿಗೆ ಹೇಳಬಹುದು. ನಾಲಗೆಗೆ ಕಡಿವಾಣ ಹಾಕುವುದು ಬಹುಮಟ್ಟಿಗೆ ಎದುರಿನವನಿಂದ ನಮಗೆ ಆಗಬಹುದಾದ ಕೇಡಿನ ಭಯವೇ. ತೆಳ್ಳಗಿರುವವರು ತಿರುಗಿಬೀಳರೆಂಬ ಧೈರ್ಯ ನಮಗಿದೆ.

ನಮ್ಮ ಹಳೆಯ ವೈದ್ಯರಿಗೆ ಈ ಪಕ್ಷಪಾತವಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಅಲ್ಲಿ ನಿಂದಿತವಾದ ಎಂಟು ಬಗೆಯ ಶರೀರಗಳನ್ನು ಎಣಿಸಿ, ಅವುಗಳಲ್ಲಿ ಅತಿಸ್ಥೂಲ ಅತಿಕೃಶ ಎಂಬ ಎರಡನ್ನು ಮಾತ್ರ ವಿಸ್ತಾರವಾಗಿ ವಿಚಾರಿಸಿದೆ. ಎರಡಕ್ಕೂ ಕಾರಣವುಂಟು, ಎರಡಕ್ಕೂ ಲಕ್ಷಣವುಂಟು, ಎರಡಕ್ಕೂ ಚಿಕಿತ್ಸೆಯುಂಟು. ಎರಡರಲ್ಲಿ ಯಾವುದು ಮೇಲೆಂದು ಕೇಳಿದರೆ ಕಾರ್ಶ್ಯವೇ ಮೇಲೆಂಬುದು ಚರಕನ ತೀರ್ಪು. ರೋಗ ಬಂದಾಗ ಸ್ಥೂಲನು ಹೆಚ್ಚಾಗಿ ಬಾಧೆಪಡುತ್ತಾನೆಂದು ಕಾರಣವನ್ನೂ ಕೊಟ್ಟಿದ್ದಾನೆ. ಕೆಲಸಕಾರ್ಯಗಳ ಚಿಂತೆಯನ್ನು ಬಿಟ್ಟು ಚೆನ್ನಾಗಿ ಉಂಡು ಮಲಗಿದವನು ಹಂದಿಯ ಹಾಗೆ ಕೊಬ್ಬುತ್ತಾನೆಂಬ ಮಾತೂ ಅಲ್ಲಿಯೇ ಇದೆ. ನಿವೃತ್ತರಾದ ಮೇಲೆ ನಾವು ಆ ಶ್ಲೋಕವನ್ನು ಓದುವುದನ್ನು ಕಡಿಮೆಮಾಡಿದ್ದೇವೆ. ಅದಿರಲಿ, ಅಲ್ಲಿ ನಿಂದಿತವೆಂಬುದು ವೈದ್ಯನ ಮಾತು, ರೋಗಿಯನ್ನು ಕೂರಿಸಿಕೊಂಡು ನಾಡಿ ನೋಡಿ ಆಡತಕ್ಕದ್ದು. ತುಪ್ಪ ಬಡಿಸುತ್ತ ಆಡತಕ್ಕದ್ದಲ್ಲ.

“ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಪ್ಪೇನು?” ಎಂದು ಕೇಳುವವರುಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ವಾಕ್ಪಾರುಷ್ಯದ ಪ್ರಕರಣದಲ್ಲಿ, ಒಬ್ಬನ ಶರೀರವನ್ನು ಎತ್ತಿ ಒಕ್ಕಣ್ಣ, ಕುಂಟ ಮುಂತಾಗಿ ಹೀಗಳೆದರೆ, ಮಾತು ನಿಜವಾಗಿದ್ದರೆ 3 ಪಣ ದಂಡ, ಸುಳ್ಳಾಗಿದ್ದರೆ 6 ಪಣ. ನಿಜವೆಂಬುದರಿಂದ ದಂಡವು ಅರ್ಧವಾಗುತ್ತದೆಯೇ ಹೊರತು ಮಾಫಿಯಾಗುವುದಿಲ್ಲ. ಇನ್ನೂ ಸ್ವಾರಸ್ಯವಾದುದು ಮುಂದಿನ ವಿಧಿ: ಕಣ್ಣಿಲ್ಲದವನನ್ನು ಸುಂದರವಾದ ಕಣ್ಣುಳ್ಳವನೆಂದು ಹೊಗಳುವ ಸ್ತುತಿನಿಂದೆಗೆ 12 ಪಣ! ದಪ್ಪ ಸಣ್ಣಗಳ ಹೆಸರು ಅಲ್ಲಿ ಬಂದಿಲ್ಲವೆಂಬುದನ್ನು ಒಪ್ಪುತ್ತೇವೆ. ಆದರೆ ಸೂತ್ರದಲ್ಲಿ ಆದಿಶಬ್ದವಿದೆ. ತೆಳ್ಳನೆಯ ಹುಡುಗನನ್ನು “ಕಡ್ಡಿ ಪೈಲ್ವಾನ್” ಎಂದು ಕೂಗುವ ನಮ್ಮ ಬೀದಿಯ ವಾಡಿಕೆಯು ಈ 12 ಪಣದ ಬಾಬಿಗೆ ಸೇರುತ್ತದೆಂದು ನಮ್ಮ ಅಭಿಪ್ರಾಯ. ಯಾಜ್ಞವಲ್ಕ್ಯಸ್ಮೃತಿಯು ಅಂಗಹೀನರನ್ನೂ ರೋಗಿಗಳನ್ನೂ ನಿಜವಾಗಿ, ಸುಳ್ಳಾಗಿ, ವ್ಯಂಗ್ಯವಾಗಿ ಹೇಗೆ ಆಡಿಕೊಂಡರೂ ಒಂದೇ ದಂಡವೆಂದು ಹನ್ನೆರಡೂವರೆ ಪಣವನ್ನು ವಿಧಿಸಿದೆ. ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಈ ಗ್ರಂಥಗಳಲ್ಲಿ ವಾಕ್ಪಾರುಷ್ಯದ ದಂಡವು ಬೈದವನ, ಬೈಸಿಕೊಂಡವನ ವರ್ಣವನ್ನು ನೋಡಿ ಏರಿಳಿಯುವ ವಿಧಿಗಳೂ ಇವೆ. ಅವು ಇಂದು ಯಾರೂ ಒಪ್ಪತಕ್ಕವಲ್ಲ. ಆದರೆ ನಿಜವನ್ನೇ ಹೇಳಿದೆನೆಂಬ ಸಮಾಧಾನವು ಇಂಥ ಕಡೆ ಸಲ್ಲದೆಂಬುದನ್ನು ಅಷ್ಟು ಹಿಂದೆಯೇ ಕಂಡುಕೊಂಡಿದ್ದರಷ್ಟೆ.

ನಮ್ಮ ಹಿರಿಯರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ತೆಳ್ಳಗಾಗುವುದೆಂದರೆ ಅವರಿಗೆ ಹಸಿವು, ಇಲ್ಲವೆ ಕ್ಷಯ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1876ರಿಂದ 78ರವರೆಗಿನ ಬರವನ್ನು ದಾಟಿ 1881ಕ್ಕೆ ಬರುವಾಗ 42 ಲಕ್ಷದೊಳಗೆ ಇಳಿದಿತ್ತು. ಅಂಥ ಬರದ ಕಥೆಗಳನ್ನು ಕೇಳುತ್ತ ಬೆಳೆದವರು ಬಂಧುವಿನ ಕೆನ್ನೆಯೆಲುಬು ಕಂಡೊಡನೆ “ಯಾಕೆ ಸೊರಗಿದೀಯ?” ಎಂದು ಗಾಬರಿಯಿಂದ ಕೇಳಿದರೆ ಅದು ಪ್ರೀತಿಯೇ ಸರಿ. ಆ ಪ್ರಶ್ನೆಯ ಹಿಂದೆ ಒಂದು ಸೇರು ರಾಗಿಯನ್ನು ಕಟ್ಟಿಕೊಡುವ ಕೈಯೂ ಇತ್ತು. ಕೈ ಹೋಗಿ ಪ್ರಶ್ನೆಯೊಂದೇ ಉಳಿದುದು ನಮ್ಮ ಕಾಲದ ವಿಶೇಷ.

ಹಸಿವು ನಾಡಿನಿಂದ ಪೂರ್ತಿಯಾಗಿ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 19 ಮಂದಿ ಇರಬೇಕಾದುದಕ್ಕಿಂತ ಕೃಶರು, 24 ಮಂದಿ ಇರಬೇಕಾದುದಕ್ಕಿಂತ ಸ್ಥೂಲರು. ಎಂದರೆ ಯಾವ ಪಂಕ್ತಿಯಲ್ಲಿ ಕುಳಿತರೂ ಎರಡು ಬಗೆಯವರೂ ನಮ್ಮ ಎಡಬಲಗಳಲ್ಲಿಯೇ ಇದ್ದಾರೆ. ಅವರಲ್ಲಿ ಯಾರು ಹಸಿದವರು, ಯಾರು ಥೈರಾಯ್ಡಿನವರು, ಯಾರು ಸಕ್ಕರೆಯ ಕಾಯಿಲೆಯವರು, ಯಾರು ಯಾವುದೋ ಔಷಧದಿಂದ ಊದಿಕೊಂಡವರು, ಯಾರು ಹುಟ್ಟಿನಿಂದಲೇ ಹಾಗೆ ಇರುವವರು ಎಂಬುದು ಹೊರಗಿನ ನೋಟಕ್ಕೆ ತಿಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಲೆಕ್ಕವನ್ನೂ ಒಪ್ಪಿಸಬೇಕು. 1993ರಲ್ಲಿ ನಾವು ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದೆವು. ಆಗ ನಮಗೆ ಮೂವತ್ತು ತುಂಬಿರಲಿಲ್ಲ. ಮಕ್ಕಳನ್ನು ನಗಿಸಿ ಪಾಠ ಹೇಳುವ ಮೇಷ್ಟರೆಂದು ಹೆಸರಿತ್ತು. ಒಂದು ದಿನ ವಿಶೇಷಣಗಳ ತಾರತಮ್ಯ ರೂಪಗಳನ್ನು ಹೇಳಬೇಕಾಯಿತು. ಕೃಶಃ, ಕ್ರಶೀಯಾನ್, ಕ್ರಶಿಷ್ಠಃ. ಎಂಟನೆಯ ತರಗತಿಯ ಮೂವರು ತೆಳ್ಳನೆಯ ಹುಡುಗರನ್ನು ಹಲಗೆಯ ಮುಂದೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬನಿಗೆ ಒಂದೊಂದು ರೂಪವನ್ನು ಹಂಚಿದೆವು. ತರಗತಿ ಬಿದ್ದುಬಿದ್ದು ನಕ್ಕಿತು. ರೂಪಗಳು ಯಾರಿಗೂ ಮರೆಯಲಿಲ್ಲ. ಬಳಿಕ ಸ್ಥೂಲಃ, ಸ್ಥವೀಯಾನ್, ಸ್ಥವಿಷ್ಠಃ ಎಂಬುದಕ್ಕೆ ಹಲಗೆಯ ಮೇಲೆ ಬದನೆಕಾಯಿ, ಸೋರೆಕಾಯಿ, ಕುಂಬಳಕಾಯಿಗಳನ್ನು ಬರೆದು ತೋರಿಸಿದೆವು. ಮೊದಲನೆಯ ಬೆಂಚಿನಲ್ಲಿ ಒಬ್ಬ ದಪ್ಪನೆಯ ಹುಡುಗನಿದ್ದನು, ಶಾಲೆಯ ಸಮಿತಿಯವರೊಬ್ಬರ ಮಗ. ಅವನಿಗೆ ನೋವಾದೀತೆಂದು ತರಕಾರಿಯನ್ನು ಆರಿಸಿಕೊಂಡೆವೆಂದು ಅಂದು ನಮ್ಮ ವಿವೇಕಕ್ಕೆ ನಾವೇ ಮೆಚ್ಚಿಕೊಂಡಿದ್ದೆವು.

ಮೂರನೆಯ ಹುಡುಗನಿಗೆ ಕ್ರಶಿಷ್ಠನೆಂಬ ಹೆಸರು ಅಂಟಿತು. ನಾವೂ ಹಾಜರಿ ಕೂಗುವಾಗ ಹಾಗೆಯೇ ಕರೆಯುತ್ತಿದ್ದೆವು. “ಮನೆಯಲ್ಲಿ ಊಟ ಹಾಕುವುದಿಲ್ಲವೇನೋ?” ಎಂದು ಒಮ್ಮೆ ಕೇಳಿದಾಗ ಅವನು ತಲೆ ತಗ್ಗಿಸಿ ನಕ್ಕಿದ್ದನು. ಆರು ತಿಂಗಳ ಮೇಲೆ ಶಾಲೆಯ ಜವಾನನು ಬಂದು, “ಆ ಹುಡುಗ ಮಧ್ಯಾಹ್ನ ಏನೂ ತಿನ್ನೋಲ್ಲ ಸಾರ್. ನಲ್ಲಿ ನೀರು ಕುಡಿದು ಕಟ್ಟಡದ ಹಿಂದೆ ಕೂತಿರ್ತಾನೆ” ಎಂದನು. ತಂದೆಯಿಲ್ಲದ ಮನೆ, ರಾತ್ರಿ ಒಂದೇ ಹೊತ್ತಿನ ಊಟ. ಸರಕಾರದ ಬಿಸಿಯೂಟವು ಕರ್ನಾಟಕದ ಶಾಲೆಗಳಲ್ಲಿ ಮೊದಲಾದುದು 2002ರಲ್ಲಿ. ಪ್ರೌಢಶಾಲೆಗೆ ಬಂದುದು ಇನ್ನೂ ಆಮೇಲೆ. ನಾವು ಅವನನ್ನು ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಕರೆದೆವು. ಎರಡು ದಿನ ಬಂದನು. ಮನೆಯಲ್ಲಿ ಎಲ್ಲರೂ, “ಪಾಪ, ಹೇಗಿದಾನೆ ನೋಡು, ಇನ್ನಷ್ಟು ಬಡಿಸು” ಎಂದು ಅವನ ಕೈಕಾಲುಗಳನ್ನೇ ನೋಡುತ್ತಿದ್ದರು. ಮೂರನೆಯ ದಿನದಿಂದ ಬರಲಿಲ್ಲ. ನಾವು ಹೆಸರು ಹಿಡಿದು ಕರೆಯಲು ಆರಂಭಿಸಿದೆವು. ಆದರೆ ಉಳಿದ ಹುಡುಗರು ಅವನು ಹತ್ತನೆಯ ತರಗತಿ ಮುಗಿಸುವವರೆಗೂ ಕ್ರಶಿಷ್ಠನೆಂದೇ ಕರೆದರು. ಅದಕ್ಕೆ ಅವರನ್ನು ಯಾವ ಬಾಯಿಂದ ಗದರಿಸುವುದು?

ಕಳೆದ ವಾರ ಅಂಚೆಯಲ್ಲಿ ಒಂದು ಗೃಹಪ್ರವೇಶದ ಆಹ್ವಾನಪತ್ರಿಕೆ ಬಂದಿತು. ಅಚ್ಚಾದ ಹೆಸರಿನ ಕೆಳಗೆ, ನಮಗೆ ಗುರುತು ಸಿಗದೇ ಹೋದೀತೆಂದೋ ಏನೋ, ನೀಲಿ ಶಾಯಿಯಲ್ಲಿ “ತಮ್ಮ ಶಿಷ್ಯ ಕ್ರಶಿಷ್ಠ” ಎಂದು ಬರೆದಿದ್ದನು. ಅಕ್ಷರ ದುಂಡಗಿದೆ, ವಿಸರ್ಗವನ್ನು ಬಿಟ್ಟಿದ್ದಾನೆ. ಅದನ್ನು ನಗುತ್ತ ಬರೆದನೋ ಹೇಗೆ ಬರೆದನೋ ಎಂದು ನಾವು ಕಾಗದವನ್ನು ಬೆಳಕಿಗೆ ಹಿಡಿದು ಎರಡು ಮೂರು ಬಾರಿ ನೋಡಿದೆವು. ನಮ್ಮ ಮನೆಯವರು ತಾಂಬೂಲಕ್ಕೆ ಏನು ಕೊಡಬೇಕೆಂದು ಯೋಚಿಸುತ್ತಿದ್ದಾರೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಅವನಿಗೆ ಹೇಳಬೇಕಾದ ಒಂದು ಮಾತು ಮೂವತ್ತು ವರ್ಷದಿಂದ ಉಳಿದಿದೆ. ಅದನ್ನು ಕನ್ನಡದಲ್ಲಿಯೇ, ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಹೇಳಬೇಕೆಂದಿದ್ದೇವೆ.