ಎತ್ತರದ ಮೈಯವಳು

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮಲ್ಲಿ ಹಲವರಿಗೆ ಕ್ರಿಕೆಟ್ ನೆನಪಾಗುತ್ತದೆ. ಅದನ್ನು ಬಿಟ್ಟರೆ ಬಿಸಿಲು, ಬಿಳಿಯ ಮರಳು, ತೆಂಗಿನ ಸಾಲು. ಆದರೆ ಆ ದ್ವೀಪಮಾಲೆಯಲ್ಲಿ ಈ ಚಿತ್ರಕ್ಕೆ ಹೊಂದದ ಪುಟ್ಟ ನಾಡೊಂದಿದೆ. ಅದು ಡೊಮಿನಿಕಾ. ಅದರ ವಿಸ್ತಾರ ಸುಮಾರು 750 ಚದರ ಕಿಲೋಮೀಟರ್ ಮಾತ್ರ. ಅಷ್ಟರಲ್ಲಿಯೇ 1,447 ಮೀಟರ್ ಎತ್ತರದ ಶಿಖರ. ಇಲ್ಲಿಗೆ ಬರುವ ಸಾಹಸಪ್ರಿಯರು ಮರಳಿನ ಮೇಲೆ ಮೈಚಾಚಲು ಬರುವುದಿಲ್ಲ. ಮಳೆಯಲ್ಲಿ ನೆನೆಯುತ್ತ, ಕೆಸರಿನಲ್ಲಿ ಜಾರುತ್ತ ನಡೆಯಲು ಬರುತ್ತಾರೆ.

ಈ ಮಳೆ ಬರುವುದೆಲ್ಲಿಂದ? ಅಟ್ಲಾಂಟಿಕ್ ಸಾಗರದ ಮೇಲಿಂದ ಬೀಸುವ ವಾಣಿಜ್ಯ ಮಾರುತಗಳು ನೀರಾವಿಯನ್ನು ಹೊತ್ತು ತರುತ್ತವೆ. ಬೆಟ್ಟಗಳು ಅಡ್ಡ ನಿಂತಾಗ ಅವು ಮೇಲೇರಿ, ತಣಿದು, ಮಳೆಗರೆಯುತ್ತವೆ. ಒಳನಾಡಿನ ಎತ್ತರಗಳಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದುಂಟು. ಬೆಟ್ಟದ ಮರೆಯಲ್ಲಿರುವ ರಾಜಧಾನಿ ರೋಸೋಗೆ ದೊರೆಯುವುದು ಅದರಲ್ಲಿ ಸಣ್ಣ ಪಾಲು. ದಿನಕ್ಕೊಂದರಂತೆ ತಮ್ಮಲ್ಲಿ 365 ನದಿಗಳಿವೆಯೆಂದು ಆ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಮೇಲೆ ನೀರಾದರೆ ನೆಲದಡಿಯಲ್ಲಿ ಬೆಂಕಿ. ಇಡೀ ದ್ವೀಪ ಜ್ವಾಲಾಮುಖಿಗಳ ಸೃಷ್ಟಿ. ಗಂಧಕದ ವಾಸನೆಯ ಬೋಳು ಕಣಿವೆಯೊಂದನ್ನು ದಾಟಿ, ಗಂಟೆಗಟ್ಟಲೆ ಹತ್ತಿಳಿದು ಹೋದರೆ 'ಕುದಿಯುವ ಸರೋವರ' ಕಾಣುತ್ತದೆ. ಸುಮಾರು 60 ಮೀಟರ್ ಅಗಲದ ಈ ಬಟ್ಟಲನ್ನು ತುಂಬುವುದು ಮಳೆನೀರು ಮತ್ತು ತೊರೆಗಳು. ಕುದಿಸುವುದು ತಳದ ಬಿರುಕುಗಳಿಂದೇಳುವ ಬಿಸಿ ಅನಿಲ.

ಆದರೆ ಇಲ್ಲಿನ ಕಾಲುದಾರಿಗಳನ್ನು ಮೊದಲು ತುಳಿದವರು ವಿನೋದಕ್ಕೆಂದು ನಡೆದವರಲ್ಲ. 1493ರಲ್ಲಿ ಕೊಲಂಬಸ್ ಹೊಸ ಹೆಸರನ್ನಿಡುವ ಮುನ್ನ, ಮೂಲನಿವಾಸಿಗಳಾದ ಕಲಿನಾಗೊ ಜನರಿಗೆ ಈ ದ್ವೀಪ 'ವೈಟುಕುಬುಲಿ'ಯಾಗಿತ್ತು. ಎತ್ತರದ ಮೈಯವಳು ಎಂದು ಅದರ ಅರ್ಥ. ನೆರೆಯ ದ್ವೀಪಗಳನ್ನು ಕಬ್ಬಿನ ತೋಟಗಳು ನುಂಗುತ್ತಿದ್ದಾಗ ಈ ಕಡಿದಾದ ನೆಲ ಅವರಿಗೆ ಆಸರೆಯಾಯಿತು. 1903ರಲ್ಲಿ ಪೂರ್ವ ತೀರದ ಸುಮಾರು 3,700 ಎಕರೆ ಭೂಮಿ ಅವರಿಗೆಂದು ಮೀಸಲಾಯಿತು. ಇಂದಿಗೂ ಅವರು ಅಲ್ಲಿದ್ದಾರೆ. ತೋಟಗಳಿಂದ ತಪ್ಪಿಸಿಕೊಂಡ ಆಫ್ರಿಕದ ಗುಲಾಮರನ್ನು ಕಾಪಾಡಿದ್ದೂ ಇದೇ ಕಾಡು. ಅವರ ನಾಯಕರಲ್ಲೊಬ್ಬನಾದ ಜಾಕೋ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಡಿನಲ್ಲಿದ್ದನೆನ್ನುತ್ತಾರೆ. 1814ರಲ್ಲಿ ಅವನನ್ನು ಕೊಂದರು. ಅವನ ಜನ ಬೆಟ್ಟದ ಮೈಯಲ್ಲಿ ಕೈಯಿಂದ ಕಡಿದ ಮೆಟ್ಟಿಲುಗಳು ಇನ್ನೂ ಉಳಿದಿವೆ.

ಇಂತಹ ಹಳೆಯ ಜಾಡುಗಳನ್ನೂ ಕೂಡಿಸಿಕೊಂಡು, ದ್ವೀಪದ ದಕ್ಷಿಣ ತುದಿಯಿಂದ ಉತ್ತರದವರೆಗೆ, 14 ಭಾಗಗಳ ಸುಮಾರು 185 ಕಿಲೋಮೀಟರ್ ಉದ್ದದ ಕಾಲುದಾರಿಯೊಂದನ್ನು 2011ರಲ್ಲಿ ತೆರೆಯಲಾಯಿತು. ಅದಕ್ಕೆ ಆ ಹಳೆಯ ಹೆಸರನ್ನೇ, ವೈಟುಕುಬುಲಿಯೆಂದೇ, ಇಟ್ಟರು. ಆದರೆ 2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಎಂಬ ಚಂಡಮಾರುತ ಎರಗಿತು. ಜನ ಸತ್ತರು, ಮನೆಗಳ ಸೂರು ಹಾರಿದವು, ಹಸಿರು ಬೆಟ್ಟಗಳು ಎಲೆಯಿಲ್ಲದೆ ಬೋಳಾಗಿ ನಿಂತವು. ದಾರಿ ಮರಗಳಡಿ ಹೂತುಹೋಯಿತು. ಕಾಡು ತಾನಾಗಿ ಚಿಗುರಿತು. ದಾರಿ ಮಾತ್ರ ತಾನಾಗಿ ತೆರೆಯಲಿಲ್ಲ. ಬಿದ್ದ ಮರಗಳನ್ನು ಕಡಿದು, ಕುಸಿದ ಮಣ್ಣನ್ನು ಸರಿಸಿ, ತುಂಡುತುಂಡಾಗಿ ಅದನ್ನು ಮತ್ತೆ ಬಿಡಿಸಬೇಕಾಯಿತು.

ಇಂದು ಜಾಕೋನ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರುವ ಪ್ರವಾಸಿಗೆ ಸಂಜೆಗೆ ಒಣಬಟ್ಟೆ, ಬಿಸಿಯೂಟ ಕಾದಿರುತ್ತವೆ. ಬೆನ್ನಟ್ಟಿ ಬರುವವರ ಸದ್ದಿಗೆ ಕಿವಿಗೊಟ್ಟು, ಇದೇ ಮಳೆಯಲ್ಲಿ ಇದೇ ಮೆಟ್ಟಿಲುಗಳನ್ನು ಏರಿದವರಿಗೆ ಅದಾವುದೂ ಇರಲಿಲ್ಲ. ಅಲ್ಲೊಂದು ಗಳಿಗೆ ನಿಂತು ಅವರನ್ನು ನೆನೆಯುವವನು, ಆ ನಾಡನ್ನು ತುಸುವಾದರೂ ಕಂಡನೆನ್ನಬೇಕು.