ಎಪ್ಪತ್ತೆರಡು ಪರೀಕ್ಷೆ ಮಾಡಿಸಿದೆವು, ಬೇಕಾಗಿದ್ದ ಒಂದನ್ನು ಬಿಟ್ಟು

ಭಿವಂಡಿಯ ಧಾಮಣಕರ್ ನಾಕಾದ ಹತ್ತಿರದ ಒಂದು ಹೋಟೆಲಿನಲ್ಲಿ ನನ್ನ ಸೋದರಮಾವ ಇಪ್ಪತ್ತಾರು ವರ್ಷಗಳಿಂದ ಗಲ್ಲಾದಲ್ಲಿ ಕೂರುತ್ತಾರೆ. ಊರು ಕುಂದಾಪುರದ ಕಡೆ. ನಾನಿರುವುದು ಡೊಂಬಿವಲಿಯಲ್ಲಿ, ಕೆಲಸ ಐರೋಲಿಯ ಐಟಿ ಪಾರ್ಕಿನಲ್ಲಿ. ಎರಡು ತಿಂಗಳಿಗೊಮ್ಮೆ ಭಾನುವಾರ ಹೋಗಿ ಮಾತಾಡಿಸಿ ಬರುವುದು ರೂಢಿ. ಆ ಸಲ ಹೋದಾಗ ಮಾವನ ಅಂಗಿ ಹೆಗಲಿನಿಂದ ಜಾರುವಷ್ಟು ಸಡಿಲವಾಗಿತ್ತು. ಬಿಲ್ಲು ಹರಿದುಕೊಡುವ ಮಧ್ಯೆ ಮಧ್ಯೆ ಮುಖ ತಿರುಗಿಸಿ ಕೆಮ್ಮುತ್ತಿದ್ದರು.

"ಎಂತದೂ ಇಲ್ಲ ಮಾಣಿ, ಒಂಚೂರು ಕೆಮ್ಮು ಅಷ್ಟೆ" ಅಂದರು. ಆ 'ಒಂಚೂರು' ಶುರುವಾಗಿ ಆಗಲೇ ಆರು ವಾರ ಕಳೆದಿತ್ತು.

ಆರು ವಾರದಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿಗೆ ನಾಲ್ಕು ಸಲ ಹೋಗಿದ್ದರು. ಹೋದಾಗೆಲ್ಲ ಒಂದು ಇಂಜೆಕ್ಷನ್, ಒಂದು ಸಿರಪ್ಪು, ಎರಡು ಬಣ್ಣದ ಮಾತ್ರೆ. ಊರಿನಿಂದ ಅತ್ತೆ ಹೇಳಿದಂತೆ ಕಾಳುಮೆಣಸಿನ ಕಷಾಯವೂ ನಡೆದಿತ್ತು. ವಾಟ್ಸಾಪಿನಲ್ಲಿ ಬಂದ ದೊಡ್ಡಪತ್ರೆ ರಸದ ಪ್ರಯೋಗವೂ ಆಗಿತ್ತು. ನಾನು ಹೋದ ಮೇಲೆ ನನ್ನ ಪಾಲಿನ ಬುದ್ಧಿವಂತಿಕೆಯನ್ನು ಸೇರಿಸಿದೆ. ಮೊಬೈಲ್ ತೆಗೆದು, ರಿಯಾಯಿತಿಯಲ್ಲಿದ್ದ 'ಫುಲ್ ಬಾಡಿ ಚೆಕಪ್' ಬುಕ್ ಮಾಡಿದೆ. ಮರುದಿನ ಬೆಳಿಗ್ಗೆ ಹುಡುಗ ಬಂದು ರಕ್ತ ತೆಗೆದುಕೊಂಡು ಹೋದ. ಎಪ್ಪತ್ತೆರಡು ಪರೀಕ್ಷೆಗಳ ಬಣ್ಣಬಣ್ಣದ ವರದಿ ಬಂತು. ಸಕ್ಕರೆ ಜಾಸ್ತಿ, ವಿಟಮಿನ್ ಡಿ ಕಡಿಮೆ. ಕೆಮ್ಮಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಮಾವನಿಗೆ ಬೇಕಾಗಿದ್ದುದು ಒಂದೇ ಪರೀಕ್ಷೆ, ಕಫದ್ದು. ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು ಎಂಬುದು ಈ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಎಷ್ಟೋ ವರ್ಷಗಳಿಂದ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೂ ಬರೆಸಿರುವ ಮಾತು. ಜಗತ್ತಿನ ಒಟ್ಟು ಕ್ಷಯ ರೋಗಿಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಭಾರತದಲ್ಲೇ ಇದ್ದಾರೆ. ಪವರ್‌ಲೂಮುಗಳ ಭಿವಂಡಿಯಲ್ಲಿ ಒಂದು ಖೋಲಿಯಲ್ಲಿ ಎಂಟು ಹತ್ತು ಜನ ಮಲಗುತ್ತಾರೆ. ಇಲ್ಲಿ ಕೆಮ್ಮೆಂದರೆ ಮೊದಲು ನೆನಪಾಗಬೇಕಾದದ್ದು ಅದೇ. ಆದರೂ ಕ್ಲಿನಿಕ್ಕಿನವರಿಗೆ ಹೊಳೆಯಲಿಲ್ಲ, ಎಂ.ಟೆಕ್. ಓದಿದ ನನಗೂ ಹೊಳೆಯಲಿಲ್ಲ.

ಹುಡುಕಿದ್ದು ತಪ್ಪಲ್ಲ, ಕೇಳಿದ್ದು ತಪ್ಪು

ಆ ರಾತ್ರಿ ನಾನೂ ಎಲ್ಲರಂತೆ ಗೂಗಲ್ ಮಾಡಿದೆ. 'ಕೆಮ್ಮು, ತೂಕ ಇಳಿಕೆ, ಸಂಜೆ ಜ್ವರ' ಎಂದು ಹಾಕಿದೆ. ಮೊದಲ ಪುಟದಲ್ಲೇ ಶ್ವಾಸಕೋಶದ ಕ್ಯಾನ್ಸರ್. ಅದರ ಮೇಲೆ ಎರಡು ಆಸ್ಪತ್ರೆಗಳ ಜಾಹೀರಾತು. ರಾತ್ರಿ ಎರಡರವರೆಗೆ ಓದಿ, ಹೆದರಿ, ಏನೂ ತಿಳಿಯದೆ ಮಲಗಿದೆ.

ನಮ್ಮ ಕೆಲಸದಲ್ಲಿ ಒಂದು ತಂತ್ರಾಂಶ ಕೆಟ್ಟರೆ 'ಏನೇನು ಕೆಟ್ಟಿರಬಹುದು' ಎಂದು ಪಟ್ಟಿ ಮಾಡುತ್ತಾ ಕೂರುವುದಿಲ್ಲ. ಮೊದಲು ಏನನ್ನು ಪರೀಕ್ಷಿಸಿದರೆ ಗೊತ್ತಾಗುತ್ತದೆ ಎಂದು ಕೇಳುತ್ತೇವೆ. ಮರುದಿನ ಲೋಕಲಿನಲ್ಲಿ ನಿಂತು ಅದೇ ರೀತಿ ಹುಡುಕಿದೆ: ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮಿಗೆ ಮೊದಲ ಪರೀಕ್ಷೆ ಯಾವುದು? ಈ ಸಲ ಬಂದದ್ದು ವಿಶ್ವ ಆರೋಗ್ಯ ಸಂಸ್ಥೆಯ ಪುಟ, ಕೇಂದ್ರ ಆರೋಗ್ಯ ಇಲಾಖೆಯ ಕ್ಷಯ ವಿಭಾಗದ ಪುಟ. ಎರಡರಲ್ಲೂ ಉತ್ತರ ಒಂದೇ ಇತ್ತು.

ನಮ್ಮ ಅಮ್ಮಂದಿರ ಕಾಲದಲ್ಲಿ ಇದು ಬೇರೆ ಥರ ಇತ್ತು. ನಮ್ಮ ಮನೆಯ ಕಪಾಟಿನಲ್ಲಿ ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ಇತ್ತು. ವಾರಪತ್ರಿಕೆಗಳಲ್ಲಿ ಓದುಗರ ಪ್ರಶ್ನೆಗೆ ವೈದ್ಯರು ಉತ್ತರ ಬರೆಯುತ್ತಿದ್ದರು. ಆ ಬರಹಗಳ ಮೇಲೆ ಒಂದು ಹೆಸರು ಇರುತ್ತಿತ್ತು, ತಪ್ಪು ಬರೆದರೆ ಆ ಹೆಸರಿಗೆ ಕೆಟ್ಟ ಹೆಸರು ಬರುತ್ತಿತ್ತು. ಇಂದು ಗುಂಪಿನಲ್ಲಿ ಬರುವ ಸಂದೇಶಕ್ಕೆ ಬರೆದವರೂ ಇಲ್ಲ, ತಾರೀಕೂ ಇಲ್ಲ. 'ಅಮೆರಿಕದ ವಿಜ್ಞಾನಿಗಳು ಹೇಳಿದ್ದಾರೆ' ಎಂಬ ಒಂದು ಸಾಲು ಮಾತ್ರ ಇರುತ್ತದೆ.

ಹಾಗಾಗಿ ಯಾವ ಮಾಹಿತಿ ಬಂದರೂ ನಾನೀಗ ಮೂರು ವಿಷಯ ನೋಡುತ್ತೇನೆ: ಬರೆದವರು ಯಾರು, ಯಾವಾಗ ಬರೆದದ್ದು, ಕೊನೆಯಲ್ಲಿ ನನಗೆ ಏನಾದರೂ ಮಾರುತ್ತಿದ್ದಾರೆಯೇ? ಈ ಮೂರಕ್ಕೂ ಉತ್ತರ ಕೊಡುವ ತಾಣಗಳಿವೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಿಂದ ನಡೆಸುತ್ತಿರುವ ಮೆಡ್‌ಲೈನ್‌ಪ್ಲಸ್ ಒಂದು. ಅದರಲ್ಲಿ ಜಾಹೀರಾತು ಇಲ್ಲ. ನಮ್ಮ ಐಸಿಎಂಆರ್ ಹೊರತಂದಿರುವ ಚಿಕಿತ್ಸಾ ಕ್ರಮದ ಪಟ್ಟಿಗಳು ಇನ್ನೊಂದು. ಅವು ವೈದ್ಯರಿಗಾಗಿ ಮಾಡಿದವು. ಆದರೂ ಒಂದೊಂದು ಕಾಯಿಲೆಗೆ ಒಂದೊಂದೇ ಹಾಳೆ ಇರುವುದರಿಂದ, ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ ಎಂಬುದು ಇಂಗ್ಲಿಷ್ ಬಲ್ಲ ಯಾರಿಗಾದರೂ ತಿಳಿಯುತ್ತದೆ. ಈ ಪುಟಗಳನ್ನು ಓದಿ ನಾವೇ ಔಷಧ ತೆಗೆದುಕೊಳ್ಳುವುದಲ್ಲ. ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳುವಷ್ಟಾದರೂ ತಯಾರಾಗಬಹುದು.

'ನಮ್ಮವರು ಹೇಳಿದ್ರು'

ಹೊರನಾಡಿನಲ್ಲಿ ಡಾಕ್ಟರನ್ನು ಹುಡುಕುವ ನಮ್ಮ ದಾರಿ ನಿಮಗೆಲ್ಲ ಗೊತ್ತೇ ಇದೆ. ಸಂಘದ ಗುಂಪಿನಲ್ಲಿ ಕೇಳುತ್ತೇವೆ. ಯಾರೋ ಒಂದು ನಂಬರ್ ಹಾಕುತ್ತಾರೆ. 'ನಮ್ಮ ಕಡೆಯವರೇ, ಕನ್ನಡ ಬರ್ತದೆ, ಒಳ್ಳೆ ಜನ.' ರಾತ್ರಿ ಹನ್ನೆರಡಕ್ಕೆ ರಕ್ತ ಬೇಕೆಂದರೆ ಓಡಿ ಬರುವವರೂ ಇದೇ ಗುಂಪಿನವರು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಳ್ಳೆಯ ಮನುಷ್ಯ ಎನ್ನುವುದು ಬೇರೆ, ಈ ಕಾಯಿಲೆಗೆ ಸರಿಯಾದ ವೈದ್ಯ ಎನ್ನುವುದು ಬೇರೆ. ಮಾವ ಆ ಕ್ಲಿನಿಕ್ಕಿಗೆ ನಾಲ್ಕು ಸಲ ಹೋದದ್ದು ಅಲ್ಲಿನವರು ತುಳು ಮಾತಾಡುತ್ತಿದ್ದರು, ಮೊದಲ ಸಲ ದುಡ್ಡು ತೆಗೆದುಕೊಂಡಿರಲಿಲ್ಲ ಎಂಬ ಕಾರಣಕ್ಕೆ.

ಇದು ಒಂದು ಕ್ಲಿನಿಕ್ಕಿನ ಕತೆಯಲ್ಲ. ಕನ್ನಡಿಗರೂ ನೆಲೆಸಿರುವ ಮುಂಬಯಿಯ ಧಾರಾವಿಯಲ್ಲಿ 1991ರಲ್ಲಿ ಒಂದು ಅಧ್ಯಯನ ನಡೆಯಿತು. ಕ್ಷಯಕ್ಕೆ ಏನು ಔಷಧ ಬರೆಯುತ್ತೀರಿ ಎಂದು ನೂರು ಖಾಸಗಿ ವೈದ್ಯರನ್ನು ಕೇಳಿದಾಗ ಎಂಬತ್ತು ಬಗೆಯ ಔಷಧ ಚೀಟಿಗಳು ಬಂದವು. ಎರಡು ದಶಕ ಬಿಟ್ಟು ಹಿಂದೂಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಜೊತೆಯವರು ಅದೇ ಪ್ರಶ್ನೆಯನ್ನು 106 ವೈದ್ಯರಿಗೆ ಹಾಕಿದರು. 63 ಬಗೆಯ ಚೀಟಿ ಬಂತು, ಸರಿಯಾಗಿ ಬರೆದವರು ಆರು ಮಂದಿ. ಅದು 2010ರಲ್ಲಿ ಪ್ರಕಟವಾಯಿತು. 2018ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ, ಕ್ಷಯದ ಲಕ್ಷಣ ಹೇಳಲು ತರಬೇತಿ ಪಡೆದವರನ್ನು ರೋಗಿಗಳಂತೆ ಮುಂಬಯಿ ಮತ್ತು ಪಾಟ್ನಾದ ಖಾಸಗಿ ವೈದ್ಯರ ಬಳಿ ಕಳಿಸಿದರು. ಮೂರರಲ್ಲಿ ಸುಮಾರು ಒಂದು ಭೇಟಿಯಲ್ಲಿ ಮಾತ್ರ ಸರಿಯಾದ ಕ್ರಮ ಸಿಕ್ಕಿತು. ಎಂ.ಬಿ.ಬಿ.ಎಸ್. ಆದವರು ಉಳಿದವರಿಗಿಂತ ಮೇಲಿದ್ದರು.

ಮಾವನ ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಅದರಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಲಿಲ್ಲ. ಕ್ಲಿನಿಕ್ಕು, ಔಷಧ ಚೀಟಿ, ರಸೀದಿ ಎಲ್ಲದರಲ್ಲೂ ಅದು ಇರಲೇಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳು ಹೇಳುತ್ತವೆ. ಬರೆದ ಮಾತ್ರೆಗಳಲ್ಲಿ ಒಂದು ಲಿವೋಫ್ಲಾಕ್ಸಸಿನ್. ಅದು ಕ್ಷಯದ ರೋಗಾಣುವನ್ನು ಸ್ವಲ್ಪ ದಿನ ಅದುಮಿಡುತ್ತದೆ, ರೋಗಿಗೆ ಹಗುರವೆನಿಸುತ್ತದೆ, ರೋಗ ಪತ್ತೆಯಾಗುವುದು ಮಾತ್ರ ತಡವಾಗುತ್ತದೆ. ಮಧ್ಯೆ ಒಂದು ವಾರ ಮಾವ 'ಗುಣ ಆಯ್ತು' ಅಂದದ್ದು ಯಾಕೆಂದು ಆಗ ಅರ್ಥವಾಯಿತು.

ಒಂದು ಗಂಟೆಯ ಪರೀಕ್ಷೆ

ಮಾವ ಹಟ ಹಿಡಿದದ್ದು ಮಣಿಪಾಲಕ್ಕೆ. ಕರಾವಳಿಯವರಿಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ. ಮತ್ಸ್ಯಗಂಧದಲ್ಲಿ ಟಿಕೆಟ್ ನೋಡು ಅಂದರು. ಸ್ಲೀಪರ್ ಬೋಗಿಯಲ್ಲಿ ಎಪ್ಪತ್ತು ಜನರ ನಡುವೆ ಆ ಕೆಮ್ಮಿನೊಂದಿಗೆ ರಾತ್ರಿಯಿಡೀ ಪಯಣ! ಬೇಡವೆಂದೆ. ಭಿವಂಡಿಯಲ್ಲೇ ಇಂದಿರಾ ಗಾಂಧಿ ಸ್ಮಾರಕ ಸರಕಾರಿ ಆಸ್ಪತ್ರೆ ಇದೆ. ಸರಕಾರಿ ಎಂದು ಅವರು ಮೂಗು ಮುರಿದರು. ಸಾಲು ಉದ್ದವಿತ್ತು, ಬೆಂಚು ಸಾಲುತ್ತಿರಲಿಲ್ಲ, ನಿಜ. ಕಫದ ಡಬ್ಬಿ ಕೊಟ್ಟರು, ಎದೆಯ ಎಕ್ಸ್‌ರೇ ತೆಗೆಸಿದರು.

ಕಫದಲ್ಲಿರುವ ರೋಗಾಣುವಿನ ವಂಶವಾಹಿಯನ್ನೇ ಗುರುತಿಸುವ ಯಂತ್ರಗಳು ಈಗಿವೆ. ಅದರಲ್ಲಿ ಟ್ರೂನ್ಯಾಟ್ ಎಂಬುದು ನಮ್ಮಲ್ಲೇ ಹುಟ್ಟಿದ್ದು, ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಮತ್ತು ಗೋವಾದ ಮೋಲ್‌ಬಯೋ ಸೇರಿ ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಯಂತ್ರಕ್ಕೆ ಹಾಕಿದ ಮೇಲೆ ಬೇಕಾಗುವುದು ಒಂದೆರಡು ಗಂಟೆ. ರೋಗ ಇದೆಯೇ, ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಸರಕಾರಿ ಕಾರ್ಯಕ್ರಮದಲ್ಲಿ ಇದಕ್ಕೆ ಹಣವಿಲ್ಲ. ಇದಕ್ಕೆ ಬದಲು 'ಟಿ.ಬಿ. ರಕ್ತಪರೀಕ್ಷೆ' ಎಂದು ಆ್ಯಂಟಿಬಾಡಿ ಪರೀಕ್ಷೆ ಯಾರಾದರೂ ಬರೆದುಕೊಟ್ಟರೆ ಎದ್ದು ಬನ್ನಿ, ಅದನ್ನು ಸರಕಾರ 2012ರಲ್ಲೇ ನಿಷೇಧಿಸಿದೆ.

ಮಾವನಿಗೆ ಕ್ಷಯ ಇತ್ತು, ಔಷಧಕ್ಕೆ ಬಗ್ಗುವಂಥದ್ದು. ಆರು ತಿಂಗಳ ಚಿಕಿತ್ಸೆ. ಜೊತೆಗೆ ಸಕ್ಕರೆ ಕಾಯಿಲೆ. ಕ್ಷಯ ಬಂದವರೆಲ್ಲರಿಗೂ ಸಕ್ಕರೆ ಪರೀಕ್ಷೆ ಮಾಡುವುದು ನಿಯಮ, ಯಾಕೆಂದರೆ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ.

ಕೇಸರಿ ಬಣ್ಣದ ನಂಬಿಕೆ

"ಪುಕ್ಕಟಿ ಕೊಡು ಗುಳಿಗಿಯಂಗ್ ಎಂತ ಶಕ್ತಿ ಇರತ್ತಾ ಮಾಣಿ?" ಎಂಬುದು ಮಾವನ ಮುಂದಿನ ಪ್ರಶ್ನೆ. ಅವರ ಸಮಾಧಾನಕ್ಕೆ ಥಾಣೆಯ ಒಬ್ಬ ಎದೆರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋದೆ. ಹೋಗುವ ಮೊದಲು ರಾಷ್ಟ್ರೀಯ ವೈದ್ಯಕೀಯ ಆಯೋಗದ ತಾಣದಲ್ಲಿ ಅವರ ಹೆಸರು ಹಾಕಿ ನೋಡಿದೆ. ಪದವಿ, ನೋಂದಣಿ ಎರಡೂ ಇತ್ತು. ಐದು ನಿಮಿಷದ ಕೆಲಸ.

ಅವರು ಹೇಳಿದ್ದು: "ನಾನು ಬರೆದರೂ ಇವೇ ಔಷಧ. ಅಲ್ಲೇ ತಗೊಳ್ಳಿ." ಆಮೇಲೆ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ನಾಳೆಯಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರೆ ನಿಲ್ಲಿಸಿ ಅದೇ ದಿನ ಬನ್ನಿ. ಒಂದು ತಿಂಗಳಲ್ಲಿ ಆರಾಮ ಅನಿಸುತ್ತದೆ, ಆಗ ಬಿಡಬೇಡಿ. ಬಿಟ್ಟರೆ ಈ ಔಷಧ ಮುಂದೆ ಕೆಲಸ ಮಾಡದೇ ಹೋಗಬಹುದು.

ಎರಡನೇ ದಿನ ಬೆಳಿಗ್ಗೆ ಆರಕ್ಕೆ ಮಾವನ ಫೋನು. "ಹೇಳಿದಂಗೇ ಕೇಸರಿ ಆಯ್ತ್!" ಅಂದರು. ದನಿಯಲ್ಲಿ ಹೆದರಿಕೆಯ ಬದಲು ಸಂತೋಷ. ಮುಂದೆ ಏನಾಗುತ್ತದೆಂದು ಮೊದಲೇ ಹೇಳಿದ ಡಾಕ್ಟರನ್ನು ಅವರು ಆವತ್ತಿನಿಂದ ನಂಬಿದರು. ಕಟ್ಟಡ ನೋಡಿಯೂ ಅಲ್ಲ, ಭಾಷೆ ನೋಡಿಯೂ ಅಲ್ಲ. ಆ ಡಾಕ್ಟರಿಗೆ ಕನ್ನಡವೂ ಬರುತ್ತಿರಲಿಲ್ಲ, ತುಳುವೂ ಬರುತ್ತಿರಲಿಲ್ಲ.

ಹೊಸ ಡಾಕ್ಟರ ಬಳಿ ಹೋಗುವಾಗ

ಈ ಅನುಭವದ ಮೇಲೆ ನಾನು ಒಂದು ಸಣ್ಣ ಪಟ್ಟಿ ಇಟ್ಟುಕೊಂಡಿದ್ದೇನೆ.

ಹೆಸರಿನ ಮುಂದಿನ ಪದವಿ ಓದಿ. ಬಿ.ಎ.ಎಂ.ಎಸ್. ಆಯುರ್ವೇದ, ಬಿ.ಎಚ್.ಎಂ.ಎಸ್. ಹೋಮಿಯೋಪಥಿ, ಬಿ.ಯು.ಎಂ.ಎಸ್. ಯುನಾನಿ. ಇವರು ನಕಲಿ ವೈದ್ಯರಲ್ಲ, ಅವರವರ ಪದ್ಧತಿಯಲ್ಲಿ ಓದಿದವರು. ಆದರೆ ಬರೆಯುತ್ತಿರುವುದು ಇಂಗ್ಲಿಷ್ ಔಷಧವಾದರೆ, ಅದರಲ್ಲಿ ನಿಮ್ಮ ತರಬೇತಿ ಏನು ಎಂದು ಕೇಳುವುದು ಅವಮಾನವಲ್ಲ.

ಮೂರು ಪ್ರಶ್ನೆ ಕೇಳಿ: ಏನೆಂದು ನಿಮ್ಮ ಅನುಮಾನ? ಯಾವ ಪರೀಕ್ಷೆಯಿಂದ ಖಚಿತವಾಗುತ್ತದೆ? ಎಷ್ಟು ದಿನದಲ್ಲಿ ಗುಣ ಕಾಣದಿದ್ದರೆ ಮತ್ತೆ ಬರಬೇಕು? ಸಿಡುಕಿದರೆ ಬೇರೆ ಬಾಗಿಲು ನೋಡಿ.

ಕಾಗದ ಕೇಳಿ ಪಡೆಯಿರಿ. ಒಳರೋಗಿಯಾಗಿದ್ದವರ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು ಅದೇ 2002ರ ನಿಯಮ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಅವೇ ನಿಮ್ಮ ಆಸ್ತಿ.

ದರ ಪಟ್ಟಿ ನೋಡಿ. ಮಹಾರಾಷ್ಟ್ರದ ನರ್ಸಿಂಗ್ ಹೋಮ್ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ ಖಾಸಗಿ ಆಸ್ಪತ್ರೆಗಳು ರೋಗಿಗಳ ಹಕ್ಕುಗಳ ಸನ್ನದನ್ನೂ ಮುಖ್ಯ ದರಗಳನ್ನೂ ಕಾಣುವಂತೆ ಹಾಕಬೇಕು.

ನಕ್ಷತ್ರಗಳನ್ನು ನಂಬಿ ಕೂರಬೇಡಿ. ಆನ್‌ಲೈನಿನ ಐದು ನಕ್ಷತ್ರ ಹೆಚ್ಚಾಗಿ ಪಾರ್ಕಿಂಗಿನ, ರಿಸೆಪ್ಷನ್ನಿನ ಬಗ್ಗೆ ಹೇಳುತ್ತದೆ. ಕಾಯಿಲೆ ಸರಿಯಾಗಿ ಗುರುತಿಸಿದರೇ ಎಂಬುದು ನಕ್ಷತ್ರ ಕೊಟ್ಟವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಕ್ಷಯದ ವಿಷಯವಾದರೆ 1800116666 ಸರಕಾರದ ಉಚಿತ ಸಹಾಯವಾಣಿ. ಚಿಕಿತ್ಸೆಯಲ್ಲಿ ಇರುವವರಿಗೆ ಪೌಷ್ಟಿಕ ಆಹಾರಕ್ಕೆಂದು ನವೆಂಬರ್ 2024ರಿಂದ ತಿಂಗಳಿಗೆ 1000 ರೂಪಾಯಿ ನೇರ ಖಾತೆಗೆ ಬರುತ್ತದೆ. ಮೊದಲು 500 ಇತ್ತು. ಮಧ್ಯೆ ಊರಿಗೆ ಹೋಗಬೇಕಾದರೆ ಚಿಕಿತ್ಸೆಯನ್ನು ಕರ್ನಾಟಕದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು.

ತಡವಾದದ್ದಕ್ಕೆ ಬೆಲೆ

ಮಾವ ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರು. ಕಫ ಸ್ವಚ್ಛವಾಯಿತು, ಅಂಗಿ ಮತ್ತೆ ಮೈತುಂಬ ಕೂತಿತು. ಕತೆ ಇಲ್ಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿದ್ದೆನೋ ಇಲ್ಲವೋ.

ಮಾವನ ಜೊತೆ ಅದೇ ಖೋಲಿಯಲ್ಲಿ ಮಲಗುತ್ತಿದ್ದ ಏಳು ಜನರನ್ನೂ ಪರೀಕ್ಷಿಸಿದರು. ಅಡಿಗೆಮನೆಯಲ್ಲಿ ಕೆಲಸ ಮಾಡುವ ಹತ್ತೊಂಬತ್ತರ ಹುಡುಗನಿಗೂ ಕ್ಷಯ ಪತ್ತೆಯಾಯಿತು. ಮಾವನಿಂದಲೇ ಬಂತೆಂದು ಯಾರೂ ಸಾಬೀತು ಮಾಡಲಾರರು. ಸರಿಯಾದ ಔಷಧ ಶುರುವಾದ ಕೆಲವು ವಾರಗಳಲ್ಲೇ ರೋಗ ಹರಡುವುದು ಬಹಳ ಇಳಿಯುತ್ತದೆ. ನಾವು ಇಂಜೆಕ್ಷನ್ನು, ಕಷಾಯ, ಎಪ್ಪತ್ತೆರಡು ಪರೀಕ್ಷೆಗಳಲ್ಲಿ ಕಳೆದ ವಾರಗಳಲ್ಲಿ ಆ ಹುಡುಗ ಅವರ ಪಕ್ಕದ ಚಾಪೆಯಲ್ಲೇ ಮಲಗುತ್ತಿದ್ದ. ಅವನೂ ಈಗ ಗುಣವಾಗಿದ್ದಾನೆ. ಆದರೂ ಆ ಲೆಕ್ಕ ನನ್ನ ಮನಸ್ಸಿನಿಂದ ಹೋಗಿಲ್ಲ.

ಟಿ.ಬಿ. ಎಂದು ಊರಲ್ಲಿ ಯಾರಿಗೂ ಹೇಳಬೇಡ ಎಂದು ಕೈಹಿಡಿದು ಕೇಳಿದ್ದ ಮಾವ, ಇದನ್ನು ಬರೆಯಲೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಹಾಕ್ಬೇಡ, ಬಾಕಿ ಎಲ್ಲ ಬರಿ" ಅಂದರು. ಕಳೆದ ಭಾನುವಾರ ಹೋದಾಗ ಗಲ್ಲಾದ ಮುಂದೆ ಒಬ್ಬ ಲೂಮ್ ಕೆಲಸಗಾರ ಚಿಲ್ಲರೆ ಎಣಿಸುತ್ತಾ ಕೆಮ್ಮಿದ. ಮಾವ ಬಿಲ್ಲು ಪಕ್ಕಕ್ಕಿಟ್ಟು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು: ಕೆಮ್ಮು ಶುರುವಾಗಿ ಎಷ್ಟು ದಿನ ಆಯ್ತು?